ಏಣಿ ಹತ್ತಿಸಿದ್ದು ಏಳೇ ಸಲ

‘ಅಲ್ರೀ ಸರ್, ನಮ್ಮ ಬಾಗಲಕೋಟಿಗೆ ಸಮುದ್ರ ಎಲ್ಲೈತ್ರೀ?’

ನವನಗರದ ಮೈದಾನಕ್ಕೆ ಬೆಳಿಗ್ಗೆ ಐದೂವರೆಗೆ ಓಡಲು ಬರುವ ಹುಡುಗರು ಮೊದಲ ದಿನ ಕೇಳುವ ಪ್ರಶ್ನೆ ಇದೇ. ಪೊಲೀಸ್, ಅಗ್ನಿವೀರ, ರೈಲ್ವೆ ಎಂದು ಕನಸು ಕಟ್ಟಿಕೊಂಡು ಬಂದವರು ಅವರು. ನಾನು ಇಪ್ಪತ್ತೊಂದು ವರ್ಷ ಕೋಸ್ಟ್ ಗಾರ್ಡ್‌ನಲ್ಲಿದ್ದೆ, ಅಂದರೆ ಭಾರತೀಯ ತಟರಕ್ಷಣಾ ಪಡೆಯಲ್ಲಿ ಎಂದರೆ ನಗುತ್ತಾರೆ. ಇಳಕಲ್ಲಿನವನಿಗೂ ಹಡಗಿಗೂ ಎಲ್ಲಿಯ ಸಂಬಂಧ? ನಮ್ಮೂರಿನಿಂದ ಕಾರವಾರದ ದಂಡೆಗೆ ಮುನ್ನೂರು ಕಿಲೋಮೀಟರ್‌ಗಿಂತ ಹೆಚ್ಚು ದಾರಿ.

ಅವರಿಗೆ ನಾನು ಐಹೊಳೆಗೆ ಹೋಗಿ ಬರಲು ಹೇಳುತ್ತೇನೆ. ನಮ್ಮ ಹುನಗುಂದ ತಾಲ್ಲೂಕಿನದೇ ಊರು. ಅಲ್ಲಿನ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ, ಬರೆದವನು ರವಿಕೀರ್ತಿ. ಬಾದಾಮಿಯ ಇಮ್ಮಡಿ ಪುಲಿಕೇಶಿ ನೂರಾರು ಹಡಗುಗಳನ್ನು ಕೊಂಡೊಯ್ದು ಪಶ್ಚಿಮ ಕಡಲಿನ ಪುರಿಯನ್ನು ಮುತ್ತಿದ ಸಂಗತಿ ಅದರಲ್ಲಿದೆ. ಬಾದಾಮಿಯಲ್ಲಿ ಕುಳಿತ ಅರಸನಿಗೆ ಕಡಲು ದೂರ ಎನಿಸಿರಲಿಲ್ಲ. ನಾನೂ ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ಆ ಗೋಡೆಗೆ ಒರಗಿ ಬುತ್ತಿ ಉಂಡವನೇ. ಏನು ಬರೆದಿದೆ ಎಂದು ತಿಳಿದದ್ದು ಮಾತ್ರ ನೌಕರಿಗೆ ಸೇರಿ ಎಷ್ಟೋ ವರ್ಷಗಳ ಮೇಲೆ.

ನಮ್ಮ ಪಡೆಯ ಬಗ್ಗೆ ನಮ್ಮ ಭಾಗದಲ್ಲಿ ತಿಳಿದವರು ಕಡಿಮೆ. ಭೂಸೇನೆ ಗೊತ್ತು, ನೌಕಾಪಡೆಯೂ ಗೊತ್ತು. 1977ರ ಫೆಬ್ರುವರಿ 1ರಂದು ಶುರುವಾಗಿ, 1978ರ ಕಾಯ್ದೆಯಿಂದ ಕಾಯಂ ಆದ ಈ ಮೂರನೆಯದರ ಹೆಸರು ಹೇಳಿದರೆ ‘ಬಂದರಿನ ವಾಚ್‌ಮನ್ ಏನ್ರೀ?’ ಎಂದವರಿದ್ದಾರೆ. ರಕ್ಷಣಾ ಸಚಿವಾಲಯದ ಕೆಳಗೆ ಬರುವ, ಕಡಲ ಮೇಲೆ ಕಾನೂನು ಕಾಯುವ ಕೇಂದ್ರದ ಪಡೆ ಇದು. ಕಳ್ಳಸಾಗಣೆ, ಮಾದಕವಸ್ತು, ಪರದೇಶದವರ ಕಳ್ಳ ಮೀನುಗಾರಿಕೆ ತಡೆಯುವುದು, ಮುಳುಗುವವರನ್ನು ಎತ್ತುವುದು, ತೈಲ ಸೋರಿದರೆ ಹರಡದಂತೆ ನೋಡಿಕೊಳ್ಳುವುದು ಎಲ್ಲ ಇದರ ಪಾಲಿಗೆ. ರ‍್ಯಾಂಕಿನ ಹೆಸರುಗಳೂ ದೇಶಿ: ನಾವಿಕ, ಉತ್ತಮ ನಾವಿಕ, ಪ್ರಧಾನ ನಾವಿಕ, ಅದರ ಮೇಲೆ ಅಧಿಕಾರಿ. ನಾನು ‘ಅಧಿಕಾರಿ’ ಆದೆ ಎಂದು ಫೋನ್ ಮಾಡಿದಾಗ ಅಪ್ಪ ಓಣಿಗೆಲ್ಲ ಪೇಢೆ ಹಂಚಿದ, ಮಗ ಆಫೀಸರ್ ಆದ ಎಂದು. ಅದು ನೌಕಾಪಡೆಯ ಚೀಫ್ ಪೆಟಿ ಆಫೀಸರ್‌ಗೆ ಸಮನಾದ ದರ್ಜೆ, ಅಸಿಸ್ಟೆಂಟ್ ಕಮಾಂಡೆಂಟ್ ಆಗುವುದೇ ಬೇರೆ ಎಂದು ತಿಳಿಸಿ ಹೇಳುವ ಹೊತ್ತಿಗೆ ಪೇಢೆ ಖರ್ಚಾಗಿತ್ತು.

ತರಬೇತಿ ಒಡಿಶಾದ ಐಎನ್ಎಸ್ ಚಿಲ್ಕಾದಲ್ಲಿ, ದೊಡ್ಡ ಸರೋವರದ ದಂಡೆ. ನೌಕಾಪಡೆಯ ಹುಡುಗರ ಜೊತೆಗೇ ನಮಗೂ ಕವಾಯತು. ಊರಲ್ಲಿ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ನೂಕಿದ್ದರಿಂದ ಕಲಿತ ಅರೆಬರೆ ಈಜು ನನ್ನದು. ಮೊದಲ ದಿನ ಎತ್ತರದ ಹಲಗೆಯ ಮೇಲೆ ನಿಲ್ಲಿಸಿದಾಗ ಕಾಲು ನಡುಗಿದವು. ಕೇರಳದ ಹುಡುಗ ಪಕ್ಕದಲ್ಲಿ ನಗುತ್ತಿದ್ದ. ಎರಡು ತಿಂಗಳಿಗೆ ನಾನೂ ಅವನೂ ಒಂದೇ ಸಮ ಈಜುತ್ತಿದ್ದೆವು. ಈಜು ಬಾರದವರು ಅರ್ಜಿಯನ್ನೇ ಹಾಕಬಾರದು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ, ಅದಕ್ಕೆ ಇಷ್ಟು ಹೇಳಿದೆ. ಅಲ್ಲಿ ಕಲಿಸುತ್ತಾರೆ.

ಸೇರಿ ಹತ್ತು ಹನ್ನೆರಡು ವರ್ಷವಾದ ಮೇಲೆ ಹೊಸ ಹುಡುಗರನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅನುಮಾನದ ದೋಣಿಯನ್ನೋ ಹಡಗನ್ನೋ ನಿಲ್ಲಿಸಿ, ಹತ್ತಿ, ತಪಾಸಣೆ ಮಾಡುವುದಕ್ಕೆ ನಾವು ಬೋರ್ಡಿಂಗ್ ಎನ್ನುತ್ತೇವೆ. ತಂಡದ ಮುಂದಾಳು ಆಫೀಸರ್. ಅವರ ಕೈಗೆ ಕೊಡುವ ನಾವಿಕರು ಸಿದ್ಧರಿದ್ದಾರೋ ಇಲ್ಲವೋ ಎಂದು ನೋಡಿ ಅಭ್ಯಾಸದ ಪುಸ್ತಕಕ್ಕೆ ಸಹಿ ಹಾಕುವವನು ನಾನು.

ಸಿನಿಮಾ ನೋಡಿ ಬಂದ ಹುಡುಗರು ಬಂದೂಕಿನಿಂದಲೇ ಪಾಠ ಶುರುವಾಗುತ್ತದೆ ಎಂದುಕೊಂಡಿರುತ್ತಾರೆ. ನಾನು ಪೆನ್ನು ಕೊಡುತ್ತಿದ್ದೆ. ನೆಲದ ಮೇಲೆ ಠಾಣೆಯ ಸರಹದ್ದಿಗೆ ಕಲ್ಲು ನೆಟ್ಟಿರುತ್ತದೆ, ಕಡಲಲ್ಲಿ ಏನಿದೆ? ದಂಡೆಯಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ತನಕ ನಮ್ಮ ಸಾರ್ವಭೌಮ ನೀರು. 24ರ ತನಕ ಸುಂಕ, ವಲಸೆ ಮುಂತಾದ ವಿಷಯಗಳಲ್ಲಿ ನಮ್ಮ ಅಧಿಕಾರ ನಡೆಯುತ್ತದೆ. 200 ಮೈಲಿ, ಸುಮಾರು 370 ಕಿಲೋಮೀಟರ್ ತನಕ ಮೀನು, ತೈಲದಂಥ ಸಂಪತ್ತಿನ ಮೇಲೆ ನಮಗೆ ಮಾತ್ರ ಹಕ್ಕು. 1976ರ ಕಾಯ್ದೆ ಹಾಕಿದ ಗೆರೆಗಳಿವು. ಪರದೇಶದ ಮೀನುದೋಣಿ ಸಿಕ್ಕರೆ ಅದಕ್ಕೆ 1981ರ ಬೇರೆ ಕಾಯ್ದೆ. ನಮ್ಮದೇ ದೋಣಿಯಾದರೂ 12 ಮೈಲಿಯ ಒಳಗಿನ ಮೀನುಗಾರಿಕೆಗೆ ರಾಜ್ಯದ ಕಾನೂನು, ಆಚೆಯದಕ್ಕೆ ಕೇಂದ್ರದ್ದು. ಹಾಗಾಗಿ ದೋಣಿ ನಿಂತ ಕೂಡಲೇ ಬರೆಯಬೇಕಾದದ್ದು ತಂಡೇಲನ ಹೆಸರಲ್ಲ. ಗಂಟೆ ಎಷ್ಟು, ಅಕ್ಷಾಂಶ ರೇಖಾಂಶ ಎಷ್ಟು. ಹಿಡಿದ ದೋಣಿ, ಜನ, ಮಾಲು ಎಲ್ಲವನ್ನೂ ದಡಕ್ಕೆ ತಂದು ಪೊಲೀಸರಿಗೋ ಕಸ್ಟಮ್ಸ್‌ಗೋ ಒಪ್ಪಿಸುತ್ತೇವೆ. ಆಮೇಲೆ ಕೋರ್ಟು. ಒಂದು ಅಂಕಿ ತಪ್ಪಿದರೆ 13 ಮೈಲಿಯಲ್ಲಿ ನಡೆದದ್ದು 11ರಲ್ಲಿ ನಡೆದಂತಾಗಿ, ರಾತ್ರಿಯಿಡೀ ಪಟ್ಟ ಪಾಡು ನೀರಿಗೆ ಬೀಳುತ್ತದೆ.

ಬರೆಯುವುದು ಕಲಿತ ಮೇಲೆ ಎಣಿಸುವುದು. ದೋಣಿಯ ಮೇಲಿದ್ದ ಎಲ್ಲರನ್ನೂ ಒಂದು ಕಡೆ ಕೂರಿಸು, ತಲೆ ಎಣಿಸು, ಕಾಗದದಲ್ಲಿರುವ ಸಂಖ್ಯೆಗೆ ಹೋಲಿಸು. 2008ರ ನವೆಂಬರ್ 26ರ ಮುಂಬೈ ದಾಳಿಯವರು ಬಂದದ್ದು ‘ಕುಬೇರ್’ ಎಂಬ ನಮ್ಮದೇ ಮೀನುದೋಣಿಯನ್ನು ಅಪಹರಿಸಿಕೊಂಡು. ಹೊರಗಿನಿಂದ ನೋಡಿದರೆ ಅದು ಸಾವಿರ ದೋಣಿಗಳ ನಡುವೆ ಇನ್ನೊಂದು ದೋಣಿ. ಆ ಘಟನೆಯ ನಂತರ ರಾಜ್ಯಕ್ಕೊಂದು ಬಣ್ಣ, ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡು, ಕರಾವಳಿ ಕಾವಲು ಪೊಲೀಸ್ ಠಾಣೆಗಳು ಎಲ್ಲ ಬಂದವು ಅಥವಾ ಬಿಗಿಯಾದವು. ನಮ್ಮ ರಾಜ್ಯದ ಕರಾವಳಿ ಕಾವಲು ಪೊಲೀಸರ ಕೇಂದ್ರ ಮಲ್ಪೆಯಲ್ಲಿದೆ.

ಆದರೆ ನಿಲ್ಲಿಸುವ ನೂರು ದೋಣಿಗಳಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ಹೋದ ಜನ. ನಿದ್ದೆಗೆಟ್ಟಿರುತ್ತಾರೆ, ಬಲೆ ನೀರಲ್ಲಿರುತ್ತದೆ, ನಾವು ತಡ ಮಾಡಿದಷ್ಟೂ ಅವರಿಗೆ ಡೀಸೆಲ್ ನಷ್ಟ. ಹತ್ತಿದ ತಕ್ಷಣ ಗದರಿಸುವವನನ್ನು ನಾನು ತಂಡದಿಂದ ಇಳಿಸುತ್ತಿದ್ದೆ. ಅವರ ಅಡುಗೆಯ ಜಾಗದಲ್ಲಿ ಬೂಟುಗಾಲು ಇಡಬೇಡ, ದೇವರ ಫೋಟೊ ಇರುವ ಹಲಗೆ ಬಡಿಯಬೇಡ, ಮೊದಲು ‘ಊಟ ಆಯ್ತಾ’ ಎನ್ನು. ನಾಳೆ ಗುರುತಿಲ್ಲದ ದೋಣಿ ಕಂಡರೆ ನಮ್ಮ 1554 ನಂಬರಿಗೆ ಫೋನ್ ಮಾಡುವವರು ಇವರೇ.

ಇವೆಲ್ಲ ಕೂತು ಕಲಿಯಬಹುದಾದವು. ಏಣಿ ಹಾಗಲ್ಲ.

ನಮ್ಮ ಹಡಗಿನಿಂದ ಜೆಮಿನಿ ಎಂಬ ಗಾಳಿ ತುಂಬಿದ ದೋಣಿಯಲ್ಲಿ ಇಳಿದು, ಎದುರಿನ ಹಡಗಿನ ಮಗ್ಗುಲಿಗೆ ಹೋಗಿ, ಅದರ ಪಕ್ಕೆಗೆ ಇಳಿಬಿಟ್ಟ ಹಗ್ಗದ ಏಣಿ ಹಿಡಿದು ಹತ್ತಬೇಕು. ಜೆಮಿನಿ ಅಲೆಯ ಜೊತೆ ಆಳೆತ್ತರ ಏಳುತ್ತದೆ, ಆಳೆತ್ತರ ಇಳಿಯುತ್ತದೆ. ದೋಣಿ ಅಲೆಯ ನೆತ್ತಿಗೆ ಬಂದ ಕ್ಷಣ ಏಣಿಗೆ ಕಾಲಿಡಬೇಕು. ಆಗ ದೋಣಿ ಕೆಳಗೆ ಇಳಿದುಹೋಗುತ್ತದೆ, ನೀನು ಮೇಲುಳಿಯುತ್ತೀ. ದೋಣಿ ಕೆಳಗಿದ್ದಾಗ ಕಾಲಿಟ್ಟರೆ ಅದು ಮೇಲೆದ್ದು ಬಂದು ಏಣಿಯಲ್ಲಿದ್ದವನ ಕಾಲನ್ನು ಹಡಗಿನ ಪಕ್ಕೆಗೆ ಒತ್ತುತ್ತದೆ. ಕಣ್ಣು, ಮಂಡಿ, ಕೈ ಮೂರೂ ಕೂಡಿ ಅಲೆಯ ಲೆಕ್ಕ ಹಿಡಿಯಬೇಕು, ಅದಕ್ಕೆ ಹತ್ತುವುದೊಂದೇ ದಾರಿ. ನಾವು ಇಟ್ಟುಕೊಂಡಿದ್ದ ಲೆಕ್ಕ ಹಗಲು ಆರು ಸಲ, ರಾತ್ರಿ ನಾಲ್ಕು ಸಲ. ಹತ್ತೂ ಆದ ಮೇಲೆ ಸಹಿ.

2018ರ ಕೊನೆಗೆ ಆ ಹಡಗಿಗೆ ಬಾದಾಮಿ ಕಡೆಯ ಒಬ್ಬ ಹುಡುಗ ಬಂದ. ಹಡಗಿನ ಹೆಸರು ಇಲ್ಲಿ ಬೇಡ, ಹುಡುಗನ ಹೆಸರೂ ಬೇಡ. ಹಿಂದಿ, ಇಂಗ್ಲಿಷ್, ಮಲಯಾಳಿಗಳ ನಡುವೆ ವರ್ಷಗಟ್ಟಲೆ ಕಳೆದವನಿಗೆ ‘ನಮಸ್ಕಾರ್ರೀ ಸರ, ನಾನೂ ಆ ಕಡೆಯಾವ್ನರೀ’ ಎಂಬ ಮಾತು ಕಿವಿಗೆ ಬಿದ್ದರೆ ಹೇಗಾಗಬೇಡ! ಅವರ ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಕಟಕ ರೊಟ್ಟಿಯ ಗಂಟು ಬಿಚ್ಚಿ ಇಬ್ಬರೂ ಉಂಡೆವು. ಕಾನೂನಿನ ಪಾಠದಲ್ಲಿ ಬಲು ಚುರುಕು. ಅಕ್ಷರ ಮುತ್ತು. ಏಣಿಯಲ್ಲಿ ಮಾತ್ರ ಅರ್ಧ ಕ್ಷಣ ತಡ. ಹತ್ತುವ ಮೊದಲು ಒಮ್ಮೆ ಕೆಳಗೆ ನೋಡುತ್ತಿದ್ದ.

ಒಂದು ಬೆಳಗಿನ ಜಾವ ಮೀನುದೋಣಿಯೊಂದನ್ನು ನಿಲ್ಲಿಸಿದೆವು. ಎಲ್ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಈ ದೋಣಿಯಲ್ಲಿ ದೊಡ್ಡ ಜನರೇಟರ್ ಇತ್ತು. ಮೀನುದೋಣಿ ತಗ್ಗು, ಏಣಿ ಬೇಡ, ಹುಡುಗ ದಾಟಿ ಹೋಗಿ ತಲೆ ಎಣಿಸಿದ. ಒಬ್ಬ ಹೆಚ್ಚು. ಅಡುಗೆ ಮಾಡುವ ಹುಡುಗ, ಕಾರ್ಡಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ, ಹೆದರಿ ತುಟಿ ಒಣಗಿತ್ತು.

‘ಯಾವೂರೋ ತಮ್ಮಾ?’

‘ಗುಳೇದಗುಡ್ಡರೀ ಯಪ್ಪಾ.’

ನಮ್ಮ ಹುಡುಗ ನನ್ನ ಕಡೆ ನೋಡಿದ. ಮಳೆಯಿಲ್ಲದ ವರ್ಷ ನಮ್ಮ ಕಡೆಯ ಜನ ದುಡಿಯಲು ಕರಾವಳಿಗೆ ಹೋಗುವುದು ಹೊಸದಲ್ಲ. ಒಂದು ಹೆಸರು ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಏನೂ ಹೇಳಲಿಲ್ಲ, ಏನು ಮಾಡುತ್ತಾನೆ ನೋಡೋಣ ಎಂದು ಸುಮ್ಮನಿದ್ದೆ. ಅವನು ಆ ಹುಡುಗನಿಗೆ ಮೊದಲು ನೀರು ಕೊಟ್ಟ, ಆಮೇಲೆ ಹೆಸರು, ಅಪ್ಪನ ಹೆಸರು, ಊರು ಎಲ್ಲ ಬರೆದುಕೊಂಡ. ಹೆಚ್ಚುವರಿ ಒಬ್ಬ ಎಂದು ಕೆಂಪು ಗೆರೆ ಎಳೆದ. ‘ಬರದ್ರ ನಿನಗ ಚಲೋ ಲೇ. ನಾಳಿ ದೋಣಿ ಮುಳುಗಿದ್ರ ನೀ ಅದರಾಗ ಇದ್ದಿ ಅಂತ ಯಾರಿಗೆ ಗೊತ್ತಾಗ್ತೈತಿ?’ ಎಂದ. ನನಗೂ ಹೊಳೆಯದ ಮಾತು ಅದು.

ಆ ಖುಷಿಯಲ್ಲೇ ನಾನು ಎಡವಿದೆ. ಮುಂದಿನ ವಾರ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಅವನದು ಹಗಲಿನ ಆರೂ ಆಗಿದ್ದವು, ರಾತ್ರಿಯದು ಒಂದೇ. ಹವೆ ಕೆಟ್ಟು ಎರಡು ರಾತ್ರಿ ಅಭ್ಯಾಸ ನಡೆದಿರಲಿಲ್ಲ. ಅವನಿಗಿಂತ ಮೊದಲು ಬೇರೆಯವನ ಹೆಸರು ಹೋಗುತ್ತದಲ್ಲ ಎಂದು ನನಗೆ ಒಳಗೊಳಗೇ ಸಂಕಟ. ಪುಸ್ತಕದಲ್ಲಿ ರಾತ್ರಿ ನಾಲ್ಕು ಎಂದು ಬರೆದು ಸಹಿ ಹಾಕಿದೆ. ಉಳಿದ ಮೂರು ಮುಂದೆ ಮಾಡಿಸಿದರಾಯಿತು ಎಂದುಕೊಂಡೆ. ನನ್ನ ಅಪ್ಪ ಇಳಕಲ್ ಸೀರೆಯ ನೇಕಾರ. ಮೈಯ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಸೇರಿಸುವಾಗ ಒಂದು ತಪ್ಪಿದರೂ ಬಿಚ್ಚುತ್ತಿದ್ದ, ಗಿರಾಕಿ ಅಂಗಳದಲ್ಲಿ ಕಾಯುತ್ತಿದ್ದರೂ. ಅವನ ಮಗ ಮೂರು ಬಿಟ್ಟೆ.

2019ರ ಜನವರಿ, ಅಮಾವಾಸ್ಯೆಯ ಆಸುಪಾಸು. ಸರಕು ಸಾಗಿಸುವ ಮಂಜಿಯೊಂದನ್ನು ನಿಲ್ಲಿಸಿದೆವು. ಮಂಜಿ ಎಂದರೆ ಮರದ ದೊಡ್ಡ ಹಡಗು, ಪಕ್ಕೆ ಎತ್ತರ. ಏಣಿ ಹತ್ತುವವರಲ್ಲಿ ಅವನು ಮೂರನೆಯವನು. ನಾನು ಜೆಮಿನಿಯಲ್ಲೇ ಅವನ ಬೆನ್ನ ಹಿಂದಿದ್ದೆ. ಅಲೆಯ ನೆತ್ತಿ ಬಂತು, ‘ಹತ್ತು’ ಎಂದೆ. ಅವನು ಕೆಳಗೆ ನೋಡಿದ. ಆ ಅರ್ಧ ಕ್ಷಣ ಕಳೆದು ಕಾಲಿಟ್ಟಾಗ ದೋಣಿ ಕೆಳಗಿತ್ತು. ಅದು ಎದ್ದು ಬಂದ ಸದ್ದು, ಅವನು ‘ಯವ್ವಾ’ ಎಂದದ್ದು ಎರಡೂ ಒಟ್ಟಿಗೇ ಕೇಳಿದವು. ಸೊಂಟದ ಪಟ್ಟಿ ಹಿಡಿದು ಒಳಗೆ ಎಳೆದುಕೊಂಡೆ. ನೀರಿಗೆ ಬೀಳಲಿಲ್ಲ. ಬಲಗಾಲಿನ ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿದಿತ್ತು.

ವಿಚಾರಣೆ ನಡೆಯಿತು, ನಡೆಯಲೇಬೇಕು. ನನಗಿಂತ ಮೊದಲು ಆಸ್ಪತ್ರೆಯಲ್ಲಿದ್ದ ಅವನನ್ನು ಕೇಳಿದ್ದರು. ರಾತ್ರಿ ನಾಲ್ಕೂ ಸಲ ಹತ್ತಿದ್ದೇನೆ, ತಪ್ಪು ನನ್ನದೇ ಎಂದು ಹೇಳಿಕೆ ಕೊಟ್ಟಿದ್ದ. ಆ ಕಾಗದ ನನ್ನ ಮುಂದಿಟ್ಟರು. ನಾನು ಸುಮ್ಮನಿದ್ದಿದ್ದರೆ ಪುಸ್ತಕಕ್ಕೂ ಹೇಳಿಕೆಗೂ ಸರಿಹೊಂದಿ ಕಡತ ಮುಚ್ಚುತ್ತಿತ್ತು. ಗುಳೇದಗುಡ್ಡದ ಹುಡುಗನ ಹೆಸರು ಬಿಡದವನು ನನಗಾಗಿ ಸುಳ್ಳು ಹೇಳಿದ್ದ. ಅದನ್ನು ಓದುವುದು ನನಗೆ ಕಾಲು ಮುರಿದ ಸದ್ದಿಗಿಂತ ಕಷ್ಟವಾಯಿತು. ಏಳೇ ಸಲ ಎಂದು ಹೇಳಿದೆ, ಬರೆದುಕೊಟ್ಟೆ. ಬರಬೇಕಿದ್ದ ಬಡ್ತಿ ತಡವಾಯಿತು, ಒಂದು ವರ್ಷ ತರಬೇತಿಯ ಕೆಲಸದಿಂದ ದೂರ ಇಟ್ಟರು. ಅದು ನ್ಯಾಯವೇ. ಆ ವರ್ಷ ಮುಗಿದ ಮೇಲೆ ನನ್ನನ್ನೇ ಮತ್ತೆ ಕರೆದರು. ಆಗಿನಿಂದ ನಿವೃತ್ತಿಯ ತನಕ, ಪ್ರತಿ ಹತ್ತುವಿಕೆಗೂ ಗಂಟೆ, ಗಾಳಿ, ಅಲೆಯ ಎತ್ತರ ಬರೆಸಿ, ಹತ್ತಿದವನ ಸಹಿಯನ್ನೂ ಪಕ್ಕದಲ್ಲಿ ಹಾಕಿಸುತ್ತಿದ್ದೆ. ಹುಡುಗರು ಬೈದುಕೊಳ್ಳುತ್ತಿದ್ದರು. ಬೈಯಲಿ.

ಅವನ ಕಾಲು ಕೂಡಿತು, ಹಡಗಿಗೆ ಮಾತ್ರ ಮರಳಲಾಗಲಿಲ್ಲ. ಈಗ ದಡದ ಕಚೇರಿಯಲ್ಲಿ ಕಾಗದಪತ್ರದ ಕೆಲಸ. ಸ್ವಯಂನಿವೃತ್ತಿ ಪಡೆದು ಬಂದ ವರ್ಷ, ಅವನು ರಜೆಯಲ್ಲಿದ್ದಾಗ, ಬನಶಂಕರಿ ಜಾತ್ರೆಯ ಹೊತ್ತಿಗೆ ಅವರ ಊರಿಗೆ ಹೋದೆ. ಅವರ ಅವ್ವ ಬಿಸಿ ರೊಟ್ಟಿ ಬಡಿಯುತ್ತಾ, ‘ನೀವು ಹಿಂದ ಇದ್ರಿ ಅಂತ ನನ್ನ ಮಗ ಉಳದಾನ್ರೀ ಯಪ್ಪಾ’ ಎಂದರು. ಅವನು ತಾಟು ನೋಡುತ್ತಾ ಕುಳಿತಿದ್ದ. ಮನೆಯಲ್ಲಿ ಏನೂ ಹೇಳಿರಲಿಲ್ಲ.

‘ಇಲ್ಲ ಯವ್ವಾ, ಪೂರಾ ಕಲಿಸದ ಕಳಿಸಿದ್ದೆ. ತಪ್ಪು ನಂದು’ ಎಂದೆ.

ಆಕೆಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದ ಮೇಲೆ ತಿರುವಿ ಹಾಕಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ‘ಇನ್ನೊಂದ್ ಹಾಕ್ಲೇನು?’ ಎಂದರು. ಹಾಕಿಸಿಕೊಂಡೆ.

ಈಗ ಮೈದಾನದ ಮಾತು. ನಾವಿಕ ಜನರಲ್ ಡ್ಯೂಟಿಗೆ ಗಣಿತ, ಭೌತವಿಜ್ಞಾನ ಓದಿ ಪಿಯುಸಿ ಪಾಸಾಗಿರಬೇಕು. ಡೊಮೆಸ್ಟಿಕ್ ಬ್ರಾಂಚಿಗೆ ಎಸ್ಸೆಸ್ಸೆಲ್ಸಿ ಸಾಕು. ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದವರಿಗೆ ಯಾಂತ್ರಿಕ ಹುದ್ದೆ. ವಯಸ್ಸು 18ರಿಂದ 22, ಮೀಸಲಾತಿಯವರಿಗೆ ಸಡಿಲಿಕೆ ಉಂಟು. ಪದವೀಧರರಿಗೆ ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಯ ದಾರಿ ಬೇರೆ, ಅದರ ತರಬೇತಿ ಕೇರಳದ ಎಳಿಮಲದಲ್ಲಿ ಶುರುವಾಗುತ್ತದೆ. ಅರ್ಜಿ ಆನ್‌ಲೈನ್, ಕಂಪ್ಯೂಟರ್ ಪರೀಕ್ಷೆ, ನಂತರ ದೈಹಿಕ ಪರೀಕ್ಷೆ, ವೈದ್ಯಕೀಯ. ಪ್ರತಿ ಬ್ಯಾಚಿನ ಪ್ರಕಟಣೆಯನ್ನೇ ಓದಿ ಅರ್ಜಿ ಹಾಕಿ, ಕಳೆದ ವರ್ಷದ್ದನ್ನು ನಂಬಬೇಡಿ. ಲಕ್ಷ ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುವವನು ನಿಮ್ಮ ಸೋದರಮಾವನೇ ಆದರೂ ಮೋಸಗಾರ.

ದೈಹಿಕ ಪರೀಕ್ಷೆಯಲ್ಲಿ 7 ನಿಮಿಷದಲ್ಲಿ 1.6 ಕಿಲೋಮೀಟರ್ ಓಟ, 20 ಬೈಠಕ್, 10 ದಂಡ. ಮೊನ್ನೆ ಹುನಗುಂದದಿಂದ ಮೊದಲ ಬಸ್ಸಿಗೆ ಬರುವ ಹುಡುಗನೊಬ್ಬ ಓಡಿ ಮುಗಿಸಿ, ಮಂಡಿ ಹಿಡಿದು ಏದುಸಿರು ಬಿಡುತ್ತಾ ನನ್ನ ಗಡಿಯಾರ ಇಣುಕಿದ. ಏಳು ನಿಮಿಷ ನಾಲ್ಕು ಸೆಕೆಂಡು.

‘ಏಳು ಅಂತ ಬರೀರಿ ಸರ. ನಾಲ್ಕು ಸೆಕೆಂಡ್ ಏನಾಗ್ತೈತ್ರೀ? ಅಪ್ಪಾಗ ತೋರಸ್ಬೇಕು.’

7.04 ಎಂದು ಬರೆದು, ಪಕ್ಕದಲ್ಲಿ ಅವನ ಸಹಿ ಹಾಕಿಸಿದೆ. ಮುಖ ಊದಿಸಿಕೊಂಡೇ ಹಾಕಿದ. ಮರುದಿನ ಬರುತ್ತಾನೋ ಇಲ್ಲವೋ ಎಂದುಕೊಂಡಿದ್ದೆ. ಐದೂವರೆಗೆ ಬಂದು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ.